ಕ್ರಿಯಾಟಿನಿನ್ 1.3 ಮಿತಿಯೊಳಗೆ, ಇಜಿಎಫ್‌ಆರ್ ಮಾತ್ರ 64: ಈ ವರದಿಯನ್ನು ಓದುವುದು ಹೇಗೆ?

ಡೊಂಬಿವಲಿಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯಲ್ಲಿದ್ದೇನೆ, ದಾದರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ವಯಸ್ಸು 58, ತೂಕ 62 ಕಿಲೋ. ಸಕ್ಕರೆ ಕಾಯಿಲೆ ಇಲ್ಲ. ರಕ್ತದೊತ್ತಡಕ್ಕೆ ಎರಡು ವರ್ಷಗಳಿಂದ ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಕಂಪನಿಯ ವಾರ್ಷಿಕ ತಪಾಸಣೆಯ ವರದಿಯಲ್ಲಿ ಸೀರಮ್ ಕ್ರಿಯಾಟಿನಿನ್ (ರಕ್ತದಲ್ಲಿರುವ ಕ್ರಿಯಾಟಿನಿನ್) ಡೆಸಿಲೀಟರಿಗೆ 1.3 ಮಿ.ಗ್ರಾಂ ಎಂದು ಬಂದಿದೆ. ಪಕ್ಕದಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿ 0.7ರಿಂದ 1.3 ಆಗಿರುವುದರಿಂದ ಅದಕ್ಕೆ ದಪ್ಪಕ್ಷರದ ಗುರುತಿಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ ಇಜಿಎಫ್‌ಆರ್ (ಮೂತ್ರಪಿಂಡ ಸೋಸುವ ದರದ ಅಂದಾಜು) 64 ಎಂದಿದ್ದು, 90ಕ್ಕಿಂತ ಕಡಿಮೆ ಎಂಬ ಟಿಪ್ಪಣಿ ಇದೆ. ಒಂದೇ ರಕ್ತದ ಮಾದರಿಯಿಂದ ಬಂದ ಎರಡು ಸಾಲುಗಳಲ್ಲಿ ಒಂದು ಸರಿಯಿದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. 64 ಎಂದರೆ ನನ್ನ ಕಿಡ್ನಿಗಳು ಶೇಕಡಾ 64ರಷ್ಟು ಮಾತ್ರ ಕೆಲಸ ಮಾಡುತ್ತಿವೆ ಎಂದರ್ಥವೇ?

ಗೊಂದಲ ಇಷ್ಟಕ್ಕೇ ನಿಲ್ಲಲಿಲ್ಲ. ಪುಣೆಯಲ್ಲಿರುವ ನಮ್ಮ ಅತ್ತಿಗೆಗೂ ಈಗ 58 ವರ್ಷ; ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರ ವರದಿಯನ್ನು ತರಿಸಿ ನೋಡಿದರೆ ಕ್ರಿಯಾಟಿನಿನ್ ಅದೇ 1.3, ಇಜಿಎಫ್‌ಆರ್ ಮಾತ್ರ 48. ಅಂಕಿ ಒಂದೇ ಇರುವಾಗ ಫಲ ಇಷ್ಟು ಬೇರೆಯಾಗಲು ಕಾರಣವೇನು? ಐದು ವರ್ಷಗಳ ಹಿಂದಿನ ನನ್ನ ವರದಿಯೊಂದು ಸಿಕ್ಕಿದೆ. ಅದರಲ್ಲಿ ಕ್ರಿಯಾಟಿನಿನ್ 1.2 ಇತ್ತು, ಇಜಿಎಫ್‌ಆರ್ ಸಾಲೇ ಇರಲಿಲ್ಲ.

ಕಚೇರಿಯಲ್ಲಿ ಎಲ್ಲರೂ ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ, ಕಿಡ್ನಿ ತೊಳೆದುಹೋಗುತ್ತದೆ ಎನ್ನುತ್ತಿದ್ದಾರೆ. ವೈದ್ಯರನ್ನು ಕಾಣುವುದಿದ್ದೇ ಇದೆ. ಅದಕ್ಕೆ ಮೊದಲು ಆರೋಗ್ಯವಂತ ಮೂತ್ರಪಿಂಡ ನಿಜವಾಗಿ ಏನು ಮಾಡುತ್ತದೆ, ಈ ಪರೀಕ್ಷೆಗಳು ಅದರಲ್ಲಿ ಯಾವುದನ್ನು ಅಳೆಯುತ್ತವೆ ಎಂಬುದನ್ನು ಕನ್ನಡದಲ್ಲಿ ತಿಳಿಯುವ ಆಸೆ. ಬಲ್ಲವರು ದಯವಿಟ್ಟು ಬರೆಯಬೇಕು.

ಮಾಟುಂಗಾದ ಮೇಷ್ಟ್ರು

ನಾನು ಮುಂಬಯಿಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ವರದಿಯ ಅಂಕಿಗಳ ಒಳಹೊರಗನ್ನು ಲ್ಯಾಬಿನ ಅನುಭವ ಇರುವವರು ಹೇಳಲಿ. ಆ ಅಂಕಿಗಳ ಹಿಂದಿರುವ ಕೆಲಸ ಯಾವುದು ಎಂಬುದನ್ನು ನಾನು ಬರೆಯುತ್ತೇನೆ.

ಮೂತ್ರಪಿಂಡಗಳೆರಡೂ ಸೇರಿ ದೇಹದ ತೂಕದ ಶೇಕಡಾ ಅರ್ಧದಷ್ಟೂ ಇಲ್ಲ. ಹಾಗಿದ್ದರೂ ಹೃದಯ ಹೊರದೂಡುವ ರಕ್ತದ ಐದರಲ್ಲೊಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿದ ರಕ್ತ, ಅವುಗಳ ಮೂಲಕ ಹಾದುಹೋಗುತ್ತದೆ. ಇಷ್ಟು ರಕ್ತ ಆ ಅಂಗಗಳ ಸ್ವಂತ ಪೋಷಣೆಗೆ ಬೇಕಾದದ್ದಲ್ಲ, ಸೋಸಿಸಿಕೊಳ್ಳಲು ಬಂದದ್ದು. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ಆರಂಭದಲ್ಲಿ ಗ್ಲೊಮೆರುಲಸ್ ಎಂಬ ಲೋಮನಾಳಗಳ ಗೊಂಚಲಿದೆ, ಅದರಿಂದ ಮುಂದಕ್ಕೆ ಉದ್ದವಾದ ನಾಳವಿದೆ. ಹುಟ್ಟುವ ಹೊತ್ತಿಗೆ ನಮಗೆ ದೊರೆತ ನೆಫ್ರಾನ್‌ಗಳೇ ಕಡೆಯತನಕ; ಹೊಸವು ಹುಟ್ಟುವುದಿಲ್ಲ.

ಗ್ಲೊಮೆರುಲಸ್ಸಿನ ವಿಶೇಷವೆಂದರೆ ಅದರ ಎರಡೂ ತುದಿಯಲ್ಲಿ ಕಿರುಧಮನಿಗಳಿರುವುದು. ದೇಹದ ಬೇರೆಡೆ ಲೋಮನಾಳಗಳಿಂದ ಹೊರಟ ರಕ್ತ ನೇರವಾಗಿ ಅಭಿಧಮನಿಯನ್ನು ಸೇರುತ್ತದೆ. ಇಲ್ಲಿ ಒಳಬರುವ ದಾರಿಯನ್ನೂ ಹೊರಹೋಗುವ ದಾರಿಯನ್ನೂ ಬೇರೆಬೇರೆಯಾಗಿ ಬಿಗಿಮಾಡಬಹುದು, ಸಡಿಲಿಸಬಹುದು. ಹೀಗಾಗಿ ಗೊಂಚಲಿನೊಳಗಿನ ಒತ್ತಡ ಇತರ ಲೋಮನಾಳಗಳಿಗಿಂತ ಹೆಚ್ಚಿರುತ್ತದೆ, ಮತ್ತು ನಮ್ಮ ರಕ್ತದೊತ್ತಡ ದಿನವಿಡೀ ಏರಿಳಿಯುತ್ತಿದ್ದರೂ ಸೋಸುವಿಕೆ ಬಹುಮಟ್ಟಿಗೆ ಒಂದೇ ಸಮ ನಡೆಯುತ್ತದೆ. ಈ ಎರಡು ಕಿರುಧಮನಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ನಿಮ್ಮ ಮಾತ್ರೆಯ ವಿಚಾರಕ್ಕೆ ಬೇಕಾಗುತ್ತದೆ.

ಈ ಒತ್ತಡದಿಂದ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವ ಸೋಸಿ ನಾಳಗಳಿಗೆ ಇಳಿಯುತ್ತದೆ. ಇದೇ ಜಿಎಫ್‌ಆರ್, ಗ್ಲೊಮೆರುಲಸ್ಸಿನ ಸೋಸುವಿಕೆಯ ದರ. ದಿನಕ್ಕೆ ಲೆಕ್ಕ ಹಾಕಿದರೆ 180 ಲೀಟರ್. ನಮ್ಮ ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮೂರು ಲೀಟರಿನಷ್ಟು ಮಾತ್ರ. ಆದ್ದರಿಂದ ಅದೇ ಪ್ಲಾಸ್ಮಾ ದಿನದಲ್ಲಿ ಅರವತ್ತು ಸಲ ಸೋಸಲ್ಪಡುತ್ತದೆ. ರಕ್ತಕಣಗಳೂ ಆಲ್ಬುಮಿನ್‌ನಂತಹ ದೊಡ್ಡ ಪ್ರೋಟೀನುಗಳೂ ಹಿಂದೆ ಉಳಿಯುತ್ತವೆ; ನೀರು, ಲವಣ, ಗ್ಲೂಕೋಸ್, ಯೂರಿಯಾ, ಕ್ರಿಯಾಟಿನಿನ್ ಎಲ್ಲವೂ ಕೆಳಗಿಳಿಯುತ್ತವೆ.

ನಾವು ವಿಸರ್ಜಿಸುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ನಾಳಗಳಿಂದ ರಕ್ತಕ್ಕೆ ಮರಳುತ್ತದೆ. ಮೂತ್ರಪಿಂಡ ಕಸವನ್ನು ಹುಡುಕಿ ಹೆಕ್ಕಿ ಎಸೆಯುವುದಿಲ್ಲ. ಹಬ್ಬದ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊರಗಿಟ್ಟು ಬೇಕಾದವನ್ನು ಮಾತ್ರ ಕಪಾಟಿಗೆ ಮರಳಿಸುವ ಹಾಗೆ, ಎಲ್ಲವನ್ನೂ ಹೊರಗೆ ಸುರಿದು ಬೇಕಾದದ್ದನ್ನು ಹಿಂದಕ್ಕೆ ಪಡೆಯುತ್ತದೆ. ಹಾಗಾಗಿ ಹಿಂದೆಂದೂ ಕಾಣದ ವಸ್ತು ರಕ್ತಕ್ಕೆ ಬಂದರೂ, ಅದನ್ನು ಮರಳಿ ಪಡೆಯುವ ಏರ್ಪಾಡು ಇಲ್ಲದಿದ್ದರೆ, ಅದು ತಾನಾಗಿ ಹೊರಹೋಗುತ್ತದೆ. ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಸೋಸಿ ಇಳಿಯುತ್ತದೆ, ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಅಷ್ಟೂ ಮರಳುತ್ತದೆ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿ.ಗ್ರಾಂ ದಾಟಿದಾಗ ಮಾತ್ರ ಮರಳಿ ಪಡೆಯುವ ಶಕ್ತಿ ಸಾಲದೆ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಸೋಡಿಯಂ ಲೆಕ್ಕ ಇನ್ನೂ ದೊಡ್ಡದು: ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿದು, ನಾವು ಊಟದಲ್ಲಿ ತಿಂದಷ್ಟನ್ನು, ಅಂದರೆ ಕೆಲವೇ ಗ್ರಾಂಗಳನ್ನು, ಹೊರಗೆ ಬಿಟ್ಟು ಮಿಕ್ಕದ್ದು ಮರಳುತ್ತದೆ.

ಮೊದಲ ತಿರುಚುನಾಳದಲ್ಲಿಯೇ ಮೂರರಲ್ಲಿ ಎರಡು ಪಾಲು ನೀರು ಮತ್ತು ಲವಣ ಹಿಂದಿರುಗುತ್ತವೆ. ಮುಂದೆ ಹೆನ್ಲೆಯ ಕುಣಿಕೆ ಎಂಬ ನಾಳದ ಬಾಗಿದ ಭಾಗ ಮೂತ್ರಪಿಂಡದ ಒಳಭಾಗವನ್ನು ವಿಪರೀತ ಲವಣಯುಕ್ತವಾಗಿ ಇಡುತ್ತದೆ. ಮಿದುಳಿನಿಂದ ಬರುವ ವಾಸೊಪ್ರೆಸಿನ್ ಹಾರ್ಮೋನು ಕೊನೆಯ ನಾಳಗಳ ಗೋಡೆಯಲ್ಲಿ ನೀರಿಗೆ ದಾರಿ ತೆರೆದಾಗ, ಆ ಲವಣವೇ ನೀರನ್ನು ಹೊರಕ್ಕೆ ಸೆಳೆದು ಮೂತ್ರವನ್ನು ಗಾಢಗೊಳಿಸುತ್ತದೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಹೊರಟವರಲ್ಲಿ ಅನೇಕರು, ಮುಖ್ಯವಾಗಿ ಹೆಂಗಸರು, ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗ್ಗೆ ನೀರನ್ನೇ ಕುಡಿಯುವುದಿಲ್ಲ. ಅವರ ಮೂತ್ರ ಪ್ಲಾಸ್ಮಾದ ನಾಲ್ಕು ಪಟ್ಟು ಗಾಢವಾಗಬಲ್ಲದು; ಬೇಡದಷ್ಟು ನೀರು ಕುಡಿದವರಲ್ಲಿ ಪ್ಲಾಸ್ಮಾದ ಆರರಲ್ಲೊಂದು ಪಾಲಿನಷ್ಟು ತೆಳುವಾಗಬಲ್ಲದು. ನೀರು ಕುಡಿದು ಕಿಡ್ನಿ ತೊಳೆಯುವ ಮಾತಿಗೆ ಉತ್ತರ ಇಲ್ಲೇ ಇದೆ. ಹೆಚ್ಚು ನೀರು ಕುಡಿದರೆ ಮರಳಿ ಪಡೆಯುವ ನೀರು ಕಡಿಮೆಯಾಗಿ ಮೂತ್ರ ಹೆಚ್ಚುತ್ತದೆಯೇ ಹೊರತು ಸೋಸುವಿಕೆ ಹೆಚ್ಚುವುದಿಲ್ಲ. ಕಲ್ಲಿನ ತೊಂದರೆ ಇರುವವರಿಗೆ ಹೆಚ್ಚು ನೀರು ಸಹಾಯಕ, ಅದು ಬೇರೆ ವಿಷಯ.

ಸೋಸುವಿಕೆಯಾಚೆಗೂ ಕೆಲಸಗಳಿವೆ. ಆಹಾರದ ಪ್ರೋಟೀನಿನಿಂದ ದಿನವೂ ಹುಟ್ಟುವ ಆಮ್ಲವನ್ನು ಹೊರಹಾಕಿ ಬೈಕಾರ್ಬೊನೇಟನ್ನು ಉಳಿಸುವುದು, ಪೊಟ್ಯಾಸಿಯಂ ಪ್ರಮಾಣವನ್ನು ಹಿಡಿತದಲ್ಲಿಡುವುದು, ರೆನಿನ್ ಮೂಲಕ ರಕ್ತದೊತ್ತಡವನ್ನು ಕಾಯುವುದು, ಎರಿಥ್ರೊಪೊಯೆಟಿನ್ ಕಳುಹಿಸಿ ಮೂಳೆಮಜ್ಜೆಗೆ ಕೆಂಪುಕಣ ಮಾಡಿಸುವುದು, ವಿಟಮಿನ್ ಡಿಗೆ ಅದರ ಕೊನೆಯ ಸಕ್ರಿಯ ರೂಪ ಕೊಡುವುದು. ಇವನ್ನೆಲ್ಲ ಇಜಿಎಫ್‌ಆರ್ ನೇರವಾಗಿ ಅಳೆಯುವುದಿಲ್ಲ. ನೆಫ್ರಾನ್‌ಗಳ ಸಂಖ್ಯೆ ಕುಗ್ಗಿದಂತೆ ಇವೂ ಸಾಮಾನ್ಯವಾಗಿ ಜೊತೆಜೊತೆಗೆ ಕುಗ್ಗುವುದರಿಂದ ಸೋಸುವಿಕೆಯ ದರವನ್ನು ಒಟ್ಟು ಸಾಮರ್ಥ್ಯದ ಅಳತೆಯಾಗಿ ಬಳಸುತ್ತಾರೆ.

ನಿಗಡಿಯಿಂದ

ಮೇಷ್ಟ್ರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಪುಣೆಯ ಆಸ್ಪತ್ರೆಯೊಂದರ ಬಯೊಕೆಮಿಸ್ಟ್ರಿ ಲ್ಯಾಬಿನಲ್ಲಿ ಬಹುಕಾಲ ಕೆಲಸ ಮಾಡಿದ್ದೇನೆ.

ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂಬುದನ್ನು ಒಳಗೆ ಇಣುಕಿ ಅಳೆಯಲಾಗದು. ಆದ್ದರಿಂದ ಪೂರ್ತಿಯಾಗಿ ಸೋಸಿಹೋಗುವ, ನಾಳಗಳಲ್ಲಿ ಮರಳಿ ಸೇರದ, ಅಲ್ಲಿ ಹೊಸದಾಗಿಯೂ ಸೇರದ ಒಂದು ವಸ್ತು ಬೇಕು. ಇನುಲಿನ್ ಎಂಬ ಸಸ್ಯಮೂಲದ ಶರ್ಕರ ಅಂಥದ್ದು; ಇನ್ಸುಲಿನ್ ಜೊತೆ ಬೆರೆಸಬೇಡಿ. ಆದರೆ ಅದನ್ನು ಗಂಟೆಗಟ್ಟಲೆ ರಕ್ತನಾಳಕ್ಕೆ ಹರಿಸಬೇಕಾದ್ದರಿಂದ ಸಂಶೋಧನೆಗಷ್ಟೇ ಸರಿ. ದಿನನಿತ್ಯದ ಕೆಲಸಕ್ಕೆ ಸಿಕ್ಕಿದ್ದು ಕ್ರಿಯಾಟಿನಿನ್. ಸ್ನಾಯುಗಳಲ್ಲಿರುವ ಕ್ರಿಯಾಟಿನ್ ಪ್ರತಿದಿನ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಬರುತ್ತದೆ, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಬರುವುದು ಸ್ಥಿರ, ಹೋಗುವುದು ಕಡಿಮೆಯಾದರೆ ರಕ್ತದಲ್ಲಿ ಪ್ರಮಾಣ ಏರುತ್ತದೆ. ಸೋಸುವಿಕೆ ಅರ್ಧಕ್ಕಿಳಿದರೆ ಕ್ರಿಯಾಟಿನಿನ್ ಸುಮಾರು ಎರಡು ಪಟ್ಟಾಗುತ್ತದೆ.

ನಿಮ್ಮ ಗೊಂದಲದ ಬೇರು ಈ ತಿರುವುಮುರುವು ಸಂಬಂಧದಲ್ಲಿದೆ. ಈಗ ಬಳಕೆಯಲ್ಲಿರುವ 2021ರ ಸಿಕೆಡಿ-ಎಪಿ ಸೂತ್ರವನ್ನು, ಅಂದರೆ ಕ್ರಿಯಾಟಿನಿನ್, ವಯಸ್ಸು, ಲಿಂಗಗಳಿಂದ ಇಜಿಎಫ್‌ಆರ್ ಲೆಕ್ಕಹಾಕುವ ಸೂತ್ರವನ್ನು, 58 ವರ್ಷದ ಗಂಡಸಿಗೆ ಅನ್ವಯಿಸಿ ನೋಡೋಣ. ಕ್ರಿಯಾಟಿನಿನ್ 0.9 ಇದ್ದರೆ ಇಜಿಎಫ್‌ಆರ್ 99 ಬರುತ್ತದೆ, 1.3 ಇದ್ದರೆ 64, 1.8 ಇದ್ದರೆ 43. ಮೊದಲ 0.4ರ ಏರಿಕೆಯಲ್ಲಿ 35 ಹೋಯಿತು. ಅದೇ 0.4ರ ಏರಿಕೆ 3.6ರಿಂದ 4.0ಕ್ಕೆ ಆದರೆ ಇಜಿಎಫ್‌ಆರ್ 19ರಿಂದ 17ರ ಆಸುಪಾಸಿಗೆ ಬರುತ್ತದೆ, ಅಷ್ಟೇ. ಕ್ರಿಯಾಟಿನಿನ್ 3.6 ಆದಾಗ ಎಲ್ಲರೂ ಗಾಬರಿಯಾಗುತ್ತಾರೆ. ದೊಡ್ಡ ಇಳಿಕೆ ಆಗಿಹೋಗಿರುವುದು ಮಿತಿಯೊಳಗೇ ಇದೆ ಎಂದು ಯಾರೂ ನೋಡದಿದ್ದ ಕಾಲದಲ್ಲಿ. 0.7ರಿಂದ 1.3 ಎಂಬ ಮಿತಿ ಎಲ್ಲ ವಯಸ್ಸಿನ, ಎಲ್ಲ ಮೈಕಟ್ಟಿನ ಗಂಡಸರನ್ನು ಒಂದೇ ಚೀಲಕ್ಕೆ ಹಾಕಿ ಮಾಡಿದ್ದು. ಇಪ್ಪತ್ತೈದರ ಹರೆಯದವನಿಗೆ 1.3 ಇದ್ದರೆ ಇದೇ ಸೂತ್ರ 78 ಕೊಡುತ್ತದೆ. ವರದಿಯಲ್ಲಿ ಇಜಿಎಫ್‌ಆರ್ ಸಾಲು ಇರಲೇಬೇಕೆಂದು ನಾನು ವಾದಿಸುತ್ತಿದ್ದುದು ಇದಕ್ಕಾಗಿಯೇ.

ಅತ್ತಿಗೆಯವರ ಅಂಕಿಗೂ ಇದೇ ವಿವರಣೆ. ಹೆಂಗಸರಲ್ಲಿ ಸರಾಸರಿ ಸ್ನಾಯು ಕಡಿಮೆ, ದಿನಕ್ಕೆ ಉತ್ಪತ್ತಿಯಾಗುವ ಕ್ರಿಯಾಟಿನಿನ್ ಕಡಿಮೆ. ಅಷ್ಟು ಕಡಿಮೆ ಬರುತ್ತಿದ್ದರೂ ರಕ್ತದಲ್ಲಿ 1.3ರಷ್ಟು ಶೇಖರವಾಗಿದೆ ಎಂದರೆ ಹೊರಹೋಗುವ ದಾರಿ ಇನ್ನಷ್ಟು ನಿಧಾನವಾಗಿದೆ ಎಂದೇ ತಿಳಿಯಬೇಕು. ಸೂತ್ರ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು 48 ಕೊಟ್ಟಿದೆ.

64 ಶೇಕಡಾವಾರು ಅಲ್ಲ. ಅದು ನಿಮಿಷಕ್ಕೆ ಮಿಲಿಲೀಟರ್, ಅದೂ 1.73 ಚದರ ಮೀಟರ್ ದೇಹಮೇಲ್ಮೈಗೆ ಹೊಂದಿಸಿದ್ದು. ಆ 1.73 ಎಂಬುದು 1920ರ ದಶಕದಲ್ಲಿ ಅಮೆರಿಕದ ಯುವಜನರ ಸರಾಸರಿಯಿಂದ ಬಂದ ಅಳತೆ. ನಮ್ಮಲ್ಲಿ ಎಷ್ಟೋ ಮಂದಿ ಅದಕ್ಕಿಂತ ಸಣ್ಣ ಮೈಯವರು. ಯುವಕರಲ್ಲಿ ಸಹಜ ದರ ನೂರರ ಹತ್ತಿರ ಇರುವುದರಿಂದ ಶೇಕಡಾ ಎಂದು ಭಾಸವಾಗುತ್ತದೆ. ನಲವತ್ತರ ನಂತರ ವರ್ಷಕ್ಕೆ ಸುಮಾರು ಒಂದರಂತೆ ಇಳಿಯುವುದು ಬಹುಜನರಲ್ಲಿ ಕಾಣುವ ಸಂಗತಿ.

ಇಜಿಎಫ್‌ಆರ್‌ನ ಮೊದಲ ಅಕ್ಷರ ಅಂದಾಜು ಎಂಬುದನ್ನು ಸೂಚಿಸುತ್ತದೆ. ಸ್ನಾಯು ತೀರ ಕಡಿಮೆ ಇರುವ ವೃದ್ಧರಲ್ಲಿ, ಹಾಸಿಗೆ ಹಿಡಿದವರಲ್ಲಿ ಈ ಸೂತ್ರ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಹಿಂದಿನ ರಾತ್ರಿ ಮಟನ್ ಅಥವಾ ಕೋಳಿ ಸುಕ್ಕ ಗಡದ್ದಾಗಿ ಉಂಡಿದ್ದರೆ, ಬೆಂದ ಮಾಂಸದಲ್ಲಿಯೇ ಕ್ರಿಯಾಟಿನಿನ್ ಇರುವುದರಿಂದ, ಬೆಳಗಿನ ರಕ್ತದಲ್ಲಿ ಅಂಕಿ ಏರಿರಬಹುದು. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಮಾತ್ರೆ ನಾಳಗಳ ಗೋಡೆಯ ಮೂಲಕ ಸ್ವಲ್ಪ ಕ್ರಿಯಾಟಿನಿನ್ ಮೂತ್ರಕ್ಕೆ ಸೇರುವುದನ್ನು ತಡೆದು, ಸೋಸುವಿಕೆ ಕುಂದದಿದ್ದರೂ ಅಂಕಿಯನ್ನು ಏರಿಸುತ್ತದೆ. ಪರೀಕ್ಷೆಯ ವಿಧಾನವೂ ಮುಖ್ಯ. ಹಲವು ಲ್ಯಾಬುಗಳು ಇಂದಿಗೂ ಬಳಸುವ ಜಾಫೆ ವಿಧಾನ 1886ರಷ್ಟು ಹಳೆಯ ರಾಸಾಯನಿಕ ಕ್ರಿಯೆಯನ್ನು ಆಧರಿಸಿದ್ದು, ಕೀಟೋನ್‌ನಂತಹ ಇತರ ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸುವ ಸಾಧ್ಯತೆ ಇದೆ. ಎನ್ಜೈಮ್ ವಿಧಾನ ಹೆಚ್ಚು ನಿಖರ.

ಹಾಗಾಗಿ 1.2ರಿಂದ 1.3ಕ್ಕೆ ಏರಿದ್ದನ್ನು ಇಳಿಜಾರು ಎಂದು ಈಗಲೇ ತೀರ್ಮಾನಿಸಬೇಡಿ. ಲೆಕ್ಕ ಹಾಕಿದರೆ ಐದು ವರ್ಷಗಳ ಹಿಂದೆ ನಿಮ್ಮ ಇಜಿಎಫ್‌ಆರ್ 72 ಇತ್ತು. ಅಂದೂ ಕ್ರಿಯಾಟಿನಿನ್ 1.3 ಇದ್ದಿದ್ದರೆ 66 ಬರುತ್ತಿತ್ತು. ಎರಡು ಬೇರೆ ಲ್ಯಾಬುಗಳ ನಡುವೆ 0.1ರ ಅಂತರ ಏನನ್ನೂ ಹೇಳದಿರಬಹುದು.

ಸಂದೇಹ ಉಳಿದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಇದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಉತ್ಪಾದಿಸುವ ಸಣ್ಣ ಪ್ರೋಟೀನು ಅದು. ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸದು. ಥೈರಾಯ್ಡ್ ತೊಂದರೆ, ಸ್ಟೆರಾಯ್ಡ್ ಔಷಧ, ಧೂಮಪಾನ ಅದನ್ನೂ ಏರುಪೇರು ಮಾಡುತ್ತವೆ. ಎರಡನ್ನೂ ಸೇರಿಸಿ ಮಾಡಿದ ಲೆಕ್ಕ ಒಂದೊಂದೇ ಕೊಡುವುದಕ್ಕಿಂತ ನಿಜಕ್ಕೆ ಹತ್ತಿರ. ಬೆಲೆ ಮಾತ್ರ ಕ್ರಿಯಾಟಿನಿನ್ ಪರೀಕ್ಷೆಗಿಂತ ಬಹಳ ಹೆಚ್ಚು.

ಯೂರಿಯಾ ಅಥವಾ ಬಿಯುಎನ್ (ರಕ್ತದ ಯೂರಿಯಾದಲ್ಲಿರುವ ನೈಟ್ರೊಜನ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಕಡಿಮೆಯಾದರೆ, ಪ್ರೋಟೀನು ಹೆಚ್ಚು ತಿಂದರೆ, ಹೊಟ್ಟೆಯೊಳಗೆ ರಕ್ತಸ್ರಾವವಾದರೆ ಅದು ಏರುತ್ತದೆ. ಒಂಟಿಯಾಗಿ ಅದರಿಂದ ಏನನ್ನೂ ನಿರ್ಣಯಿಸಲಾಗದು.

ಘಾಟ್ಕೋಪರ್ ಪೂರ್ವ

ಒಂದು ಉಪಪ್ರಶ್ನೆ, ಸರ್. ನನಗೆ 29 ವರ್ಷ, ಜಿಮ್‌ಗೆ ಹೋಗುತ್ತೇನೆ, ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತೇನೆ. ನನ್ನ ಕ್ರಿಯಾಟಿನಿನ್ 1.4 ಬಂದು ಮನೆಯಲ್ಲಿ ಗಲಾಟೆಯಾಗಿದೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ನಿಗಡಿಯಿಂದ

ಕ್ರಿಯಾಟಿನ್ ಪುಡಿ ತಿಂದರೆ ಅದರಲ್ಲೊಂದು ಪಾಲು ಕ್ರಿಯಾಟಿನಿನ್ ಆಗಿಯೇ ತೀರುತ್ತದೆ. ಜೊತೆಗೆ ನಿಮ್ಮ ಸ್ನಾಯುವೂ ಹೆಚ್ಚು. ಸೂತ್ರಕ್ಕೆ ಇವೆರಡೂ ತಿಳಿಯವು. ಪುಡಿಯನ್ನು ಕೆಲವು ವಾರ ನಿಲ್ಲಿಸಿ, ಪರೀಕ್ಷೆಯ ಹಿಂದಿನ ಎರಡು ದಿನ ಭಾರ ಎತ್ತದೆ, ರಕ್ತ ಮತ್ತೊಮ್ಮೆ ಕೊಡಿ. ಸಿಸ್ಟಾಟಿನ್ ಸಿ ನಿಜವಾಗಿ ಉಪಯೋಗಕ್ಕೆ ಬರುವುದು ನಿಮ್ಮಂಥವರಿಗೆ. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದೂ ನೋಡಿಸಿ. ಎಲ್ಲವನ್ನೂ ಪುಡಿಯ ತಲೆಗೆ ಕಟ್ಟಿ ಸುಮ್ಮನಾಗುವುದೂ ಸರಿಯಲ್ಲ.

ವಾಸ್ಕೊದ ವೈದ್ಯೆ

ಮೇಲಿನ ಇಬ್ಬರೂ ಹಿರಿಯರು ವಿವರವಾಗಿ ಬರೆದಿದ್ದಾರೆ. ನಿಗಡಿಯವರು ಕೊನೆಗೆ ಹೇಳಿದ ಮೂತ್ರದ ಮಾತನ್ನು ನಾನು ಮೊದಲಿಗೆ ತರುತ್ತೇನೆ, ಏಕೆಂದರೆ ಕಂಪನಿಗಳ ತಪಾಸಣೆಯ ಪ್ಯಾಕೇಜಿನಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಅದೇ. ಇಪ್ಪತ್ತು ಬಗೆಯ ರಕ್ತಪರೀಕ್ಷೆ ಇರುತ್ತದೆ. ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ, ಅಂದರೆ ಎಸಿಆರ್, ಇರುವುದಿಲ್ಲ.

ಮೇಷ್ಟ್ರು ಹೇಳಿದಂತೆ ಗ್ಲೊಮೆರುಲಸ್ ಆಲ್ಬುಮಿನ್ನನ್ನು ಹಿಂದೆ ಉಳಿಸಬೇಕು. ಅದರ ಪೊರೆ ಹಾನಿಗೊಂಡಾಗ ಆಲ್ಬುಮಿನ್ ಸೋರತೊಡಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅನೇಕರಿಗೆ ಇಜಿಎಫ್‌ಆರ್ ಇಳಿಯುವುದಕ್ಕೆ ವರ್ಷಗಳ ಮೊದಲೇ ಹೀಗಾಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇದ್ದರೆ ಸಹಜ, 30ರಿಂದ 300ರವರೆಗೆ ಮಧ್ಯಮ ಏರಿಕೆ, 300 ದಾಟಿದರೆ ತೀವ್ರ. ಕಡ್ಡಿ ಅದ್ದಿ ನೋಡುವ ಸಾಮಾನ್ಯ ಮೂತ್ರಪರೀಕ್ಷೆ ಸಣ್ಣ ಪ್ರಮಾಣದ ಸೋರಿಕೆಯನ್ನು ಹಿಡಿಯಲಾರದು, ಮೂತ್ರ ತೆಳುವಾಗಿದ್ದರಂತೂ ಇನ್ನೂ ಕಷ್ಟ. ಎಸಿಆರ್‌ನಲ್ಲಿ ಕ್ರಿಯಾಟಿನಿನ್‌ನಿಂದ ಭಾಗಿಸುವುದರಿಂದ ತೆಳು ಗಾಢಗಳ ವ್ಯತ್ಯಾಸ ಸರಿಹೋಗುತ್ತದೆ.

ಅಂತರರಾಷ್ಟ್ರೀಯ ಮಾರ್ಗಸೂಚಿಗಳು, ಅಂದರೆ ಕೆಡಿಗೊ ಸಂಸ್ಥೆಯ 2012ರ ಮತ್ತು 2024ರ ಶಿಫಾರಸುಗಳು, ಈ ಎರಡನ್ನೂ ಒಟ್ಟಿಗೆ ನೋಡಬೇಕೆನ್ನುತ್ತವೆ. ಇಜಿಎಫ್‌ಆರ್ 60ರಿಂದ 89ರ ನಡುವೆ ಇದ್ದು, ಆಲ್ಬುಮಿನ್ ಸೋರದೆ, ಮೂತ್ರದಲ್ಲಿ ರಕ್ತಕಣಗಳಿಲ್ಲದೆ, ಸ್ಕ್ಯಾನಿಂಗ್‌ನಲ್ಲಿ ರಚನೆ ಸರಿಯಿದ್ದರೆ ಅದನ್ನು ಮೂತ್ರಪಿಂಡದ ಕಾಯಿಲೆ ಎಂದು ಕರೆಯುವುದಿಲ್ಲ. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಮೀರಿ ಉಳಿದರೆ, ಬೇರೆ ಲಕ್ಷಣವಿಲ್ಲದಿದ್ದರೂ, ದೀರ್ಘಕಾಲದ ಕಾಯಿಲೆ ಎನ್ನುತ್ತೇವೆ. ಪ್ರಶ್ನೆ ಕೇಳಿದವರು ತಮ್ಮ 64ರ ಬಗ್ಗೆ ಚಿಂತಿಸುತ್ತಿದ್ದಾರೆ. ಈ ಎಳೆಯಲ್ಲಿ ನನಗೆ ಕಳವಳ ತರುವುದು ಅವರ ಅತ್ತಿಗೆಯವರ 48.

ಟೆಲ್ಮಿಸಾರ್ಟನ್ ವಿಚಾರ. ಮೇಷ್ಟ್ರು ನೆನಪಿಟ್ಟುಕೊಳ್ಳಿ ಎಂದ ಎರಡು ಕಿರುಧಮನಿಗಳಲ್ಲಿ ಹೊರಹೋಗುವುದನ್ನು ಈ ಗುಂಪಿನ ಮಾತ್ರೆಗಳು ಸಡಿಲಿಸುತ್ತವೆ. ಗೊಂಚಲಿನೊಳಗಿನ ಒತ್ತಡ ತಗ್ಗುತ್ತದೆ, ಸೋಸುವಿಕೆ ತುಸು ಇಳಿಯುತ್ತದೆ, ಕ್ರಿಯಾಟಿನಿನ್ ತುಸು ಏರುತ್ತದೆ. ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಶೇಕಡಾ 30ರವರೆಗಿನ ಏರಿಕೆಯನ್ನು ಒಪ್ಪಿಕೊಳ್ಳುತ್ತೇವೆ, ಏಕೆಂದರೆ ಆ ತಗ್ಗಿದ ಒತ್ತಡವೇ ಆಲ್ಬುಮಿನ್ ಸೋರುವವರಲ್ಲಿ ಮುಂದಿನ ವರ್ಷಗಳ ಹಾನಿಯನ್ನು ಕಡಿಮೆ ಮಾಡುತ್ತದೆ. ನಿಮ್ಮ 1.2 ಮಾತ್ರೆಗೆ ಮುಂಚಿನದು, 1.3 ನಂತರದ್ದು, ಇಷ್ಟು ಅಂತರಕ್ಕೆ ಅದೊಂದೇ ಕಾರಣವಾಗಿರಬಹುದು. ಅಂಕಿ ನೋಡಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಒಳಬರುವ ಕಿರುಧಮನಿಯನ್ನು ತೆರೆದಿಡುವುದು ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್‌ ಎಂಬ ರಾಸಾಯನಿಕಗಳು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಅವನ್ನೇ ತಡೆಯುತ್ತವೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಮೊಣಕಾಲು ನೋವಿಗೆ ಇವನ್ನು ಸೇರಿಸಿಕೊಂಡು, ವಾಂತಿಭೇದಿಯಿಂದ ನೀರಿನಂಶವನ್ನೂ ಕಳೆದುಕೊಂಡರೆ ಒಂದೇ ವಾರದಲ್ಲಿ ಸೋಸುವಿಕೆ ಕುಸಿಯಬಹುದು. ಇಲ್ಲಿ ಗೋವಾದ ಬೈನಾ, ಝುವಾರಿನಗರದ ಕಡೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದು ಕಟ್ಟಡದ ಕೆಲಸ ಮಾಡುವವರು ಬಿಸಿಲಲ್ಲಿ ದುಡಿದು ಸಂಜೆ ಮೈಕೈ ನೋವಿಗೆ ಅಂಗಡಿಯಿಂದ ಬಿಡಿಮಾತ್ರೆ ಕೊಳ್ಳುವುದನ್ನು ದಿನವೂ ನೋಡುತ್ತೇನೆ.

ಇನ್ನೊಂದು ಎಚ್ಚರಿಕೆ ಮುಂಬಯಿಯವರಿಗೂ ನಮಗೂ ಸಮಾನ. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದು ಬರುವ ಲೆಪ್ಟೊಸ್ಪೈರೋಸಿಸ್ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಕೊಡುತ್ತದೆ. 2005ರ ಜುಲೈ 26ರ ಪ್ರವಾಹದ ನಂತರ ಮುಂಬಯಿ ಇದನ್ನು ಚೆನ್ನಾಗಿ ಕಂಡಿದೆ. ಅಂಥ ಹೊತ್ತಿನಲ್ಲಿ ಇಜಿಎಫ್‌ಆರ್ ನೋಡಬಾರದು. ಸೂತ್ರ ಸ್ಥಿರಸ್ಥಿತಿಯನ್ನು ನಂಬಿ ಮಾಡಿದ್ದು. ಸೋಸುವಿಕೆ ಇಂದು ನಿಂತರೂ ಕ್ರಿಯಾಟಿನಿನ್ ಏರಲು ದಿನಗಳು ಬೇಕು. ಆದ್ದರಿಂದ 48 ಗಂಟೆಯೊಳಗೆ 0.3ರ ಏರಿಕೆಯನ್ನೇ, ಅಥವಾ ಆರು ಗಂಟೆಗಳ ಕಾಲ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಮೂತ್ರವನ್ನೇ ಅಪಾಯದ ಸೂಚನೆ ಎಂದು ಹಿಡಿಯುತ್ತೇವೆ.

ಹೊಟ್ಟೆಯ ಸೋನೋಗ್ರಫಿಯಲ್ಲಿ ಮೂತ್ರಪಿಂಡದ ಉದ್ದ 9ರಿಂದ 12 ಸೆಂಟಿಮೀಟರ್ ಇರಬೇಕು. ಚಿಕ್ಕದಾಗಿ, ಹೊರಪದರ ತೆಳುವಾಗಿದ್ದರೆ ಹಳೆಯ ಕಾಯಿಲೆ ಎಂದು ತಿಳಿಯುತ್ತದೆ; ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಗಾತ್ರ ಸರಿಯಾಗಿದ್ದರೂ ಒಳಗೆ ಹಾನಿಯಿರಬಹುದು. ಎಡಬಲಗಳ ಪಾಲನ್ನು ಬೇರೆಬೇರೆಯಾಗಿ ತಿಳಿಯಬೇಕಾದಾಗ, ಉದಾಹರಣೆಗೆ ಕಿಡ್ನಿ ದಾನ ಮಾಡುವವರಲ್ಲಿ, ಅಲ್ಪ ವಿಕಿರಣವುಳ್ಳ ವಸ್ತುವನ್ನು ರಕ್ತಕ್ಕೆ ಕೊಟ್ಟು ನೋಡುವ ಡಿಟಿಪಿಎ ಸ್ಕ್ಯಾನ್ ಮಾಡಿಸುತ್ತಾರೆ.

ಡೊಂಬಿವಲಿಯವನು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಅತ್ತಿಗೆಯವರ ಹಳೆಯ ಫೈಲನ್ನು ಅಣ್ಣನಿಂದ ತರಿಸಿ ನೋಡಿದೆ. ನಾಲ್ಕು ತಿಂಗಳ ಹಿಂದಿನ ವರದಿಯಲ್ಲಿಯೂ ಕ್ರಿಯಾಟಿನಿನ್ 1.3 ಇದೆ, ಮೂತ್ರದ ಎಸಿಆರ್ ಯಾವ ವರ್ಷವೂ ಮಾಡಿಸಿಲ್ಲ. ಅವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಪರಿಚಯದವರೊಬ್ಬರು 24 ಗಂಟೆಯ ಮೂತ್ರ ಸಂಗ್ರಹಿಸಿ ಪರೀಕ್ಷಿಸಿದರೇ ನಿಜ ತಿಳಿಯುವುದು ಎಂದರು. ಅದು ಬೇಕೇ? ಎಸಿಆರ್‌ಗೆ ಮಾದರಿ ಹೇಗೆ ಕೊಡಬೇಕು?

ನಿಗಡಿಯಿಂದ

24 ಗಂಟೆಯ ಲೆಕ್ಕ ಹೀಗೆ: ಮೂತ್ರದ ಕ್ರಿಯಾಟಿನಿನ್ನನ್ನು ನಿಮಿಷಕ್ಕೆ ಬಂದ ಮೂತ್ರದಿಂದ ಗುಣಿಸಿ ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ದಿನಕ್ಕೆ 1440 ಮಿಲಿಲೀಟರ್ ಮೂತ್ರ ಬಂದರೆ ನಿಮಿಷಕ್ಕೆ ಒಂದು. ಅದರಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 90 ಮಿ.ಗ್ರಾಂ, ರಕ್ತದಲ್ಲಿ 1.3 ಇದ್ದರೆ ಉತ್ತರ 69. ನಾಳಗಳಿಂದಲೂ ಸ್ವಲ್ಪ ಕ್ರಿಯಾಟಿನಿನ್ ಸೇರುವುದರಿಂದ ಈ ಉತ್ತರ ನಿಜವಾದ ಸೋಸುವಿಕೆಗಿಂತ ಶೇಕಡಾ ಹತ್ತಿಪ್ಪತ್ತು ಹೆಚ್ಚಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಸಂಗ್ರಹದ್ದು. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ಗಡಿಯಾರ ನೋಡಿಕೊಂಡು, ಮರುದಿನ ಅದೇ ಹೊತ್ತಿನ ಮೂತ್ರವನ್ನು ಸೇರಿಸಿ ಮುಗಿಸಬೇಕು. ಕಚೇರಿಗೆ ಹೋಗುವವರು ಕ್ಯಾನು ಹೊತ್ತು ಲೋಕಲ್ ಹತ್ತುವುದಿಲ್ಲ, ನಡುವೆ ಒಂದೆರಡು ಸಲದ್ದು ತಪ್ಪಿಯೇ ತಪ್ಪುತ್ತದೆ. ಗಂಡಸರಲ್ಲಿ ಕಿಲೋ ತೂಕಕ್ಕೆ 20ರಿಂದ 25 ಮಿಲಿಗ್ರಾಂ ಕ್ರಿಯಾಟಿನಿನ್ ಬರದಿದ್ದರೆ ಸಂಗ್ರಹ ಅಪೂರ್ಣ ಎಂದು ನಾವು ಸಂಶಯಪಡುತ್ತಿದ್ದೆವು, ಅಂಥ ಕ್ಯಾನುಗಳೇ ಹೆಚ್ಚು ಬರುತ್ತಿದ್ದವು. ನಿಮಗಿಬ್ಬರಿಗೂ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಎಸಿಆರ್‌ಗೆ ಬೆಳಗಿನ ಮೊದಲ ಮೂತ್ರ, ಆರಂಭದ ಧಾರೆ ಬಿಟ್ಟು ನಡುವಿನದ್ದು ಸಾಕು. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮ ಇದ್ದರೆ ತಾತ್ಕಾಲಿಕವಾಗಿ ಆಲ್ಬುಮಿನ್ ಏರುತ್ತದೆ; ಅಂಥ ದಿನ ಬೇಡ. ಏರಿಕೆ ಕಂಡರೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ರಕ್ತವನ್ನು ಅದೇ ಲ್ಯಾಬಿನಲ್ಲಿ, ಹಿಂದಿನ ರಾತ್ರಿ ಮಾಂಸಾಹಾರವಿಲ್ಲದೆ ಕೊಡಿ.

ವಾಸ್ಕೊದ ವೈದ್ಯೆ

ನಾಲ್ಕು ತಿಂಗಳ ಅಂತರದಲ್ಲಿ ಎರಡು ಸಲ 1.3 ಎಂದರೆ ಅತ್ತಿಗೆಯವರದು ಮೂರು ತಿಂಗಳ ಗಡಿಯನ್ನು ದಾಟಿದಂತಾಯಿತು. ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ವರ್ಷದಿಂದಲೇ ಪ್ರತಿವರ್ಷ ಎಸಿಆರ್ ಆಗಬೇಕಿತ್ತು. ಈ ವಾರವೇ ಮಾಡಿಸಿ. ಮೆಟ್‌ಫಾರ್ಮಿನ್ 48ರಲ್ಲಿ ನಿಲ್ಲಿಸಬೇಕಾದ್ದಿಲ್ಲ. 45ಕ್ಕಿಂತ ಕೆಳಗೆ ಪ್ರಮಾಣ ತಗ್ಗಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ, 30ಕ್ಕಿಂತ ಕೆಳಗೆ ನಿಲ್ಲಿಸುತ್ತಾರೆ. ಹಾಗಾಗಿ ಅವರಿಗೆ ಇನ್ನು ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡುವುದು ಒಳ್ಳೆಯದು. ಆಲ್ಬುಮಿನ್ ಸೋರುತ್ತಿದ್ದರೆ ನಿಮಗಿರುವ ಗುಂಪಿನ ಮಾತ್ರೆಯೂ, ಡಾಪಾಗ್ಲಿಫ್ಲೋಜಿನ್‌ನಂತಹ ಔಷಧವೂ ಅವರಿಗೆ ಬೇಕಾಗಬಹುದು; ಇವೂ ಮೊದಲ ವಾರಗಳಲ್ಲಿ ಇಜಿಎಫ್‌ಆರ್‌ನ್ನು ಸ್ವಲ್ಪ ಇಳಿಸುತ್ತವೆ ಎಂಬುದನ್ನು ಅಣ್ಣನಿಗೂ ಮೊದಲೇ ತಿಳಿಸಿಡಿ. ನಿಮ್ಮದು ಎಸಿಆರ್ 30ರೊಳಗೆ ಬಂದು ಸೋನೋಗ್ರಫಿ ಸರಿಯಿದ್ದರೆ ವರ್ಷಕ್ಕೊಮ್ಮೆಯ ಪರೀಕ್ಷೆ ಸಾಕು.